ಜಿಮ್ಮಿಯ ಇಂಗ್ಲಿಷು

“ನಿಮ್ಮ ಮಗಳು ಬೊಗಳಿದ್ಳು ಕಣ್ರೀ! ಪ್ರಿನ್ಸಿಪಾಲ್ ಮೇಡಂ ಎದುರಿಗೆ!”

“ಮೆಲ್ಲ ಹೇಳು ಮಾರಾಯ್ತಿ, ಜನ ನೋಡ್ತಾರೆ.”

ತೀರ್ಥಹಳ್ಳಿಯ ಆ ಇಂಗ್ಲಿಷ್ ಶಾಲೆಯ ಜಗಲಿಯಲ್ಲಿ ಹೆಂಡತಿ ಸೌಜನ್ಯಾಳ ಎದುರು ಪೂರ್ಣೇಶನಿಗೆ ಮುಖ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ಎಲ್‌ಕೆಜಿಯಲ್ಲಿ ಉಳಿದಿದ್ದುದು ಒಂದೇ ಸೀಟು. ಮೇಗರವಳ್ಳಿಯಲ್ಲಿ ಪೈಪು, ನಲ್ಲಿ ಮಾರುವ ತನಗಂತೂ ಇಂಗ್ಲಿಷು ಒಲಿಯಲಿಲ್ಲ, ಮಗಳ ಬಾಯಲ್ಲಾದರೂ ಅರಳು ಹುರಿದಂತೆ ಬರಲಿ ಎಂಬುದು ಅವನ ದೊಡ್ಡ ಆಸೆ. ಮಗಳು ಬಿಂದುವೋ, ಮೇಡಂ “ಕಮ್, ಸಿಟ್” ಎಂದ ಕೂಡಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡು ಸಲ “ಬೌ ಬೌ” ಎಂದಿದ್ದಳು. ಹತ್ತು ನಿಮಿಷ ಬಿಟ್ಟು ಮತ್ತೆ ಕರೆತನ್ನಿ ಎಂದು ಮೇಡಂ ಮೂವರನ್ನೂ ಹೊರಗೆ ಕಳಿಸಿದ್ದರು.

“ಯಾಕ್ ಪುಟ್ಟಿ ಹಂಗ್ ಮಾಡ್ದೆ?”

“ಅದು ಜಿಮ್ಮಿ ಮಾತಲ್ವಾ ಅಪ್ಪ?”

ಸೌಜನ್ಯಾ ಗಂಡನ ಕಡೆ ತಿರುಗಿದಳು.

“ಕೇಳಿಸ್ತಾ? ಮನೇಲಿ ಇಂಗ್ಲಿಷ್ ಮಾತಾಡಿ ಅಂತ ಬಡ್ಕೊಂಡೆ. ನೀವು ಮಾತಾಡಿದ್ದು ಆ ಜಿಮ್ಮಿ ನಾಯಿ ಹತ್ರ ಮಾತ್ರ!”

“ನಾಯಿಗೆ ಮತ್ತೆ ಎಂತದ್ರಲ್ಲಿ ಹೇಳದು? ಊರಲ್ಲಿ ಎಲ್ರೂ ಹಂಗೇ ಹೇಳದು.”

“ಮೇಗರವಳ್ಳಿ ಬಸ್‌ಸ್ಟ್ಯಾಂಡಲ್ಲಿ ಹುಟ್ಟಿದ್ ನಾಯಿ ಅದು. ಅದಕ್ಕೆ ಕನ್ನಡ ಬರಲ್ವಾ?”

“ನೀನೇನ್ ಕಮ್ಮಿ? ನಿನ್ನೆ ಅದು ಅಡುಗೆಮನೆಗೆ ಬಂದಿದ್ದಕ್ಕೆ ಗೆಟೌಟ್ ಅಂದ್ಯಲ್ಲ.”

“ಅದು ನಿಮಗೆ ಹೇಳಿದ್ದು!”

ಒಳಗಿನಿಂದ ಕರೆ ಬಂತು. ಈ ಸಲ ಮೇಡಂ ಮಗುವನ್ನು ಬಿಟ್ಟು ಅಪ್ಪನಿಗೇ ಇಂಗ್ಲಿಷಿನಲ್ಲಿ ಮಾರುದ್ದದ ಪ್ರಶ್ನೆ ಹಾಕಿದರು. ಪೂರ್ಣೇಶ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ತನ್ನಿಂದಾಗಿ ಸೀಟು ಹೋಯಿತು ಎಂದುಕೊಂಡ. ನಿಂತಲ್ಲೇ ಬೆವರುತ್ತಿದ್ದ ಅಪ್ಪನ ಅವಸ್ಥೆ ನೋಡಲಾರದೆ ಬಿಂದು ಅಂಗಿ ಹಿಡಿದೆಳೆದು ಕುರ್ಚಿ ತೋರಿಸಿದಳು.

“ಸಿಟ್!”

ಪೂರ್ಣೇಶ ಕೂತೇಬಿಟ್ಟ.

“ಗುಡ್ ಬಾಯ್,” ಎಂದು ಬಿಂದು ಅವನ ತಲೆ ಸವರಿದಳು.

ಮೇಡಂ ನಗು ತಡೆಯಲಾರದೆ ಫಾರಮ್ಮಿಗೆ ಸಹಿ ಹಾಕಿದರು.

“ಮಗೂಗೆ ಸೀಟಾಯ್ತು. ಇವಳಿಗೆ ಇಂಗ್ಲಿಷ್ ಕಲಿಯೋಕಷ್ಟೇ ಅಲ್ಲ, ಕಲ್ಸೋಕೂ ಬರುತ್ತೆ. ಆದ್ರೆ ಮನೇಲಿ ತಂದೆಯವರೂ ಸ್ವಲ್ಪ ಕಲೀಬೇಕು.”

“ಕಲೀತಾರೆ ಮೇಡಂ,” ಎಂದಳು ಸೌಜನ್ಯಾ. “ಜಿಮ್ಮಿಗೆ ಮೂರ್ ತಿಂಗ್ಳು ಸಾಕಾಯ್ತು. ಇವ್ರಿಗೆ ಒಂದ್ ವರ್ಷ ಕೊಡಿ.”