ಲಿಫ್ಟಪ್ಪ ಯಂತ್ರಕ್ಕೆ 'ಬರ್ತೀನಿ' ಅಂದದ್ದು

ಎಲ್ಲಿಂದಲಾದರೂ ಹೊರಡುವವನು 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು. ಇದು ಲಿಫ್ಟಪ್ಪನ ಮನೆಯ ಸಂವಿಧಾನದ ಮೊದಲನೆಯ ವಿಧಿ. (ಎರಡನೆಯದು, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯಬಾರದು ಎಂಬುದು. ಅದರ ಉಲ್ಲಂಘನೆಗಳನ್ನು ವಿವರಿಸಲು ಇಲ್ಲಿ ಜಾಗ ಸಾಲದು.) ಸಂವಿಧಾನ ಬರೆದವಳು ಹೆಂಡತಿ. ಆಕೆ ಶಿಶುವಿಹಾರದ ಟೀಚರು. ಮಧ್ಯಾಹ್ನದವರೆಗೆ ಮೂಗು ಸುರಿಸುವ ಮಕ್ಕಳಿಗೆ ಮಾತು ಕಲಿಸಿ, ಉಳಿದ ಹೊತ್ತಿನಲ್ಲಿ ಅದೇ ಪಾಠವನ್ನು ಗಂಡನಿಗೆ ಹೇಳುತ್ತಿದ್ದಳು. ಮಕ್ಕಳಾದರೋ ವರ್ಷ ಮುಗಿದರೆ ಮುಂದಿನ ಕ್ಲಾಸಿಗೆ ಹೋಗುತ್ತವೆ. ಲಿಫ್ಟಪ್ಪ ಮದುವೆಯಾದಾಗಿನಿಂದ ಅಲ್ಲೇ ಕೂತಿದ್ದ. ಆದರೂ ಈ ಒಂದು ಪಾಠ ಮಾತ್ರ ಅವನಿಗೆ ಚೆನ್ನಾಗಿ ಹತ್ತಿತ್ತು. ಅಂಗಡಿಯಿಂದ ಹೊರಟರೂ ಬರ್ತೀನಿ, ಹಲ್ಲು ಕೀಳಿಸಿಕೊಂಡು ಡಾಕ್ಟರ ಕುರ್ಚಿಯಿಂದ ಇಳಿದರೂ ಬರ್ತೀನಿ.

ಲಿಫ್ಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಎತ್ತರದ ಕಟ್ಟಡಗಳ ಲಿಫ್ಟು ಕೆಟ್ಟಾಗಲೆಲ್ಲ ಕೈಚೀಲ ಹಿಡಿದು ಓಡುವವನಾದ್ದರಿಂದ ಜನ ಕಟ್ಟಿದ ಬಿರುದು. ದಿನಬೆಳಗಾದರೆ ಮೇಲೆ ಹೋಗಿ ಕೆಳಗೆ ಬರುವ ಈ ಮಹಾಶಯನಿಗೆ ವಿಮಾನವೆಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಲಿಫ್ಟಿಗೆ ಹಗ್ಗವಿದೆ, ಅದೂ ಉಕ್ಕಿನದು, ಒಂದು ಹೋದರೆ ಇನ್ನೊಂದು. ವಿಮಾನಕ್ಕೆ ಏನಿದೆ? ಮೇಲೆ ಹೋದವರು ಹಾಗೇ 'ಮೇಲೆ' ಹೋಗಿಬಿಟ್ಟರೆ? ಇದೆಲ್ಲ ಎದೆಯೊಳಗಿನ ಮಾತು. ಬಾಯಲ್ಲಿ ಬರುತ್ತಿದ್ದುದೇ ಬೇರೆ: "ವಿಮಾನ ಏನು ಮಹಾ? ಅಡ್ಡಡ್ಡ ಹೋಗೋ ಲಿಫ್ಟು, ಅಷ್ಟೇ!"

ಈ ಜಂಬವನ್ನು ನಂಬಿ ಹೆಂಡತಿ ತನ್ನ ಅಣ್ಣನ ಊರಿಗೆ ಎರಡು ವಿಮಾನದ ಟಿಕೆಟ್ಟು ತೆಗೆಸಿಬಿಟ್ಟಳು. ಅಂದಿನಿಂದ ಲಿಫ್ಟಪ್ಪನಿಗೆ ಅನ್ನ ಸೇರಲಿಲ್ಲ, ನೆಟ್ಟಗೆ ನಿದ್ದೆ ಹತ್ತಲಿಲ್ಲ. ಅಷ್ಟರಲ್ಲಿ ಅಟ್ಟದಿಂದ ಸೂಟ್‌ಕೇಸು ಇಳಿಸಲು ಸ್ಟೂಲು ಹತ್ತಿದ ಹೆಂಡತಿ ಜಾರಿ ಕಾಲು ಉಳುಕಿಸಿಕೊಂಡಳು. ಪ್ರಯಾಣ ಕೂಡದು ಅಂದರು ಡಾಕ್ಟರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತಾರಲ್ಲ, ಹಾಗಾಯಿತು. (ಇಲ್ಲಿ ರೋಗಿ ಹೆಂಡತಿ, ಹಾಲು ಅನ್ನ ಗಂಡನಿಗೆ. ಅಷ್ಟೇ ವ್ಯತ್ಯಾಸ.)

"ನೀವಾದ್ರೂ ಹೋಗ್ಬನ್ನಿ. ಅಣ್ಣ ಬೇಜಾರು ಮಾಡ್ಕೋತಾನೆ," ಅಂದಳು ಆಕೆ, ದಿಂಬಿನ ಮೇಲೆ ಕಾಲಿಟ್ಟುಕೊಂಡು.

"ನಿನ್ನನ್ನ ಈ ಸ್ಥಿತೀಲಿ ಬಿಟ್ಟು ನಾನು ಆಕಾಶದಲ್ಲಿ ಹಾರಾಡ್ತಾ ಇರ್ಲಾ? ನನ್ನನ್ನ ಏನು ಪಶು ಅಂದ್ಕೊಂಡ್ಯಾ?"

"ಇಲ್ಲ, ಪಕ್ಷಿ ಅಂದ್ಕೊಂಡಿದ್ದೆ. ಸರಿ, ಹಾಗಾದ್ರೆ ಬೇಗ ಕ್ಯಾನ್ಸಲ್ ಮಾಡಿಸಿ. ಡಾಕ್ಟರ ಚೀಟಿ ಕಳಿಸಿದ್ದಕ್ಕೆ ನನ್ನ ದುಡ್ಡು ಪೂರ್ತಿ ವಾಪಸ್ ಬಂತು. ಜೊತೆಗೆ ಹೋಗೋರದ್ದೂ ಕೊಡ್ತಾರಂತೆ, ಇವತ್ತು ಸಂಜೆಯೊಳಗೆ ಹೇಳಿದ್ರೆ. ಆಮೇಲೆ ಮೂರು ಕಾಸೂ ಹುಟ್ಟಲ್ಲ."

ಲಿಫ್ಟಪ್ಪ ಫೋನು ಹಚ್ಚಿದ. 'ನಿಮ್ಮ ಕರೆ ನಮಗೆ ಬಹಳ ಅಮೂಲ್ಯ' ಅಂದಿತು ಒಂದು ಹೆಣ್ಣು ದನಿ. ಅಷ್ಟು ಅಮೂಲ್ಯವಾದದ್ದನ್ನು ಮುಟ್ಟಲು ಮನಸ್ಸು ಬರಲಿಲ್ಲವೋ ಏನೋ, ಆಮೇಲೆ ಬರೀ ಪಿಯಾನೋ. ಲಿಫ್ಟಪ್ಪ ನಡುಮನೆಯಿಂದ ಅಡುಗೆಮನೆಗೆ ಹೋದ, ಫ್ರಿಜ್ಜು ತೆಗೆದು ನೋಡಿ ಮುಚ್ಚಿದ, ಬಾಲ್ಕನಿಗೆ ಬಂದ, ಮತ್ತೆ ಹೋಗಿ ಅದೇ ಫ್ರಿಜ್ಜು ತೆಗೆದ. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು, ಫೋನಿನಲ್ಲಿ ಚಾರ್ಜು ಇಳಿಯುತ್ತಿತ್ತು. ಕೊನೆಗೆ ಚಾರ್ಜರಿಗೆ ಸಿಕ್ಕಿಸಿ, ಆ ಮೋಟು ವಯರು ಎಟುಕುವಷ್ಟು ದೂರದಲ್ಲೇ ಗೂಟಕ್ಕೆ ಕಟ್ಟಿದ ಕರುವಿನಂತೆ ಸುತ್ತತೊಡಗಿದ.

"ಒಂದು ಕಡೆ ಕೂತ್ಕೊಳ್ರೀ! ನಿಮ್ಮನ್ನ ನೋಡಿ ನೋಡಿ ನನ್ನ ಒಳ್ಳೆ ಕಾಲೂ ನೋಯ್ತಿದೆ."

"ನಾನು ಕೂತ ತಕ್ಷಣ ಅವ್ರು ಎತ್ಕೋತಾರೆ, ನೋಡ್ತಿರು."

ಅವನು ಕೂತ. ನಿಜಕ್ಕೂ ಎತ್ತಿಕೊಂಡರು. ಗಾಬರಿಯಲ್ಲಿ ಎದ್ದು ನಿಂತು, ಹೆಂಡತಿಗೂ ಕೇಳಲೆಂದು ಸ್ಪೀಕರು ಹಾಕಿದ.

"ನಮಸ್ಕಾರ. ನಾನು ಯಂತ್ರ ಸಹಾಯಕಿ. ನಿಮಗೆ ಏನಾಗಬೇಕು, ಬಾಯಿಬಿಟ್ಟು ಹೇಳಿ."

"ಟಿಕೆಟ್ ಕ್ಯಾನ್ಸಲ್ ಮಾಡ್ಬೇಕಮ್ಮಾ."

"'ತಿಂಡಿ ಸ್ಪೆಷಲ್ ಮಾಡಬೇಕಮ್ಮಾ.' ಸರಿಯಾಗಿ ಕೇಳಿಸಿತೆ?"

"ಅಲ್ಲ! ಕ್ಯಾನ್ಸಲ್! ರದ್ದು! ವಜಾ!"

"ಕಿರುಚಬೇಡ್ರೀ, ಅದಕ್ಕೇನು ಕಿವಿ ಇದೆಯಾ?" ಅಂದಳು ಹೆಂಡತಿ.

"ಟಿಕೆಟ್ ರದ್ದು. ಕಾರಣ ತಿಳಿಸಿ," ಅಂದಿತು ಯಂತ್ರ.

"ಹೆಂಡತಿ ಕಾಲು."

"ಕ್ಷಮಿಸಿ. ಮಕ್ಕಳಿಗೆ ಅರ್ಧ ಟಿಕೆಟ್ ಇದೆ. ಹೆಂಡತಿಗೆ ಕಾಲು ಟಿಕೆಟ್ ಸೌಲಭ್ಯ ಇಲ್ಲ."

ಹೆಂಡತಿಗೆ ನಗು ಬಂದು, ನಕ್ಕಿದ್ದಕ್ಕೆ ಕಾಲು ಚುಳ್ ಅಂದು, ಆ ಸಿಟ್ಟೂ ಗಂಡನ ಮೇಲೇ ತಿರುಗಿತು. "'ಅನಾರೋಗ್ಯ' ಅನ್ರೀ! ಮನುಷ್ಯರಿಗೂ ನೆಟ್ಟಗೆ ಹೇಳಲ್ಲ, ಯಂತ್ರಕ್ಕೂ ನೆಟ್ಟಗೆ ಹೇಳಲ್ಲ."

ಅನಾರೋಗ್ಯ ಅಂದ. ಯಂತ್ರ ಟಿಕೆಟ್ಟಿನ ಸಂಖ್ಯೆ ಕೇಳಿತು, ಹೇಳಿದ. ಹುಟ್ಟಿದ ದಿನ ಕೇಳಿತು, ಹೆಂಡತಿ ಹೇಳಿಕೊಟ್ಟಳು. ಮತ್ತೆ ಪಿಯಾನೋ. ಲಿಫ್ಟಪ್ಪ ಉಗುರು ಕಚ್ಚಿದ. ಆಮೇಲೆ ಆ ಅಮೃತವಾಣಿ ಬಂತು: "ನಿಮ್ಮ ಟಿಕೆಟ್ ರದ್ದಾಗಿದೆ. ಪೂರ್ತಿ ಹಣ ನಿಮಗೆ ಮರಳಿ ಬರುತ್ತದೆ."

ಅವನ ಕಾಲು ನೆಲಕ್ಕೆ ತಾಗಿದ್ದು ಎಷ್ಟೋ ದಿನಗಳ ಮೇಲೆ. ಗೆದ್ದೆ! ಇನ್ನು ಹಗ್ಗವಿಲ್ಲದ ಯಾವುದರಲ್ಲೂ ಕೂರಬೇಕಾಗಿಲ್ಲ! ಈ ಸಂಭ್ರಮದಲ್ಲಿ ಅವನ ಕಿವಿ ಮುಚ್ಚಿಹೋಯಿತು. ಯಂತ್ರ ಮುಂದುವರಿಸಿ ಹೇಳಿದ್ದು ಕೇಳಿಸಿದ್ದು ಹೆಂಡತಿಗೆ ಮಾತ್ರ: "ಮನಸ್ಸು ಬದಲಾಯಿಸಿ ಪ್ರಯಾಣಕ್ಕೆ ಬರುವುದಾದರೆ 'ಬರುತ್ತೇನೆ' ಎನ್ನಿ. ಇಲ್ಲವಾದರೆ ಸುಮ್ಮನೆ ಫೋನ್ ಇಡಿ."

ಹೆಂಡತಿ 'ಇಡಿ, ಇಡಿ' ಎಂದು ಕೈಸನ್ನೆ ಮಾಡಿದಳು. ಲಿಫ್ಟಪ್ಪ ಅದನ್ನು ಶಭಾಷ್‌ಗಿರಿ ಎಂದೇ ತಿಳಿದ. ಉಪಕಾರ ಮಾಡಿದವರಿಗೆ ಹೇಳದೆ ಹೊರಡುವುದುಂಟೇ? ಕಲಿತ ವಿದ್ಯೆ ಎಲ್ಲಿ ಹೋದೀತು?

"ತುಂಬಾ ಉಪಕಾರ ಆಯ್ತಮ್ಮಾ," ಅಂದ ತುಂಬಿದ ಕಂಠದಲ್ಲಿ. "ಬರ್ತೀನಿ."

"'ಬರ್ತೀನಿ.' ಸರಿಯಾಗಿ ಕೇಳಿಸಿತು," ಅಂದಿತು ಸಂಜೆಯೆಲ್ಲ ಏನನ್ನೂ ಸರಿಯಾಗಿ ಕೇಳಿಸಿಕೊಳ್ಳದ ಯಂತ್ರ. "ನಿಮ್ಮ ಟಿಕೆಟ್ ಉಳಿಸಲಾಗಿದೆ. ಇದನ್ನು ಮತ್ತೆ ರದ್ದು ಮಾಡಿದರೆ ಹಣ ಬರುವುದಿಲ್ಲ. ಶುಭ ಪ್ರಯಾಣ."

"ಅಯ್ಯಯ್ಯೋ, ಬರಲ್ಲ! ಬರಲ್ಲಮ್ಮಾ!" ಅಂತ ಕೂಗುವಷ್ಟರಲ್ಲಿ ಫೋನು ಕುಂಯ್ ಅಂದು ಸುಮ್ಮನಾಯಿತು.

"ಯಂತ್ರಕ್ಕೆ ಯಾರಾದ್ರೂ ಬರ್ತೀನಿ ಅಂತಾರೇನ್ರೀ?" ಹೆಂಡತಿ ಹಣೆ ಚಚ್ಚಿಕೊಂಡಳು.

"ನೀನೇ ಕಲಿಸಿದ್ದಲ್ವೇನೇ!"

"ಹೊರಡುವಾಗ ಅನ್ನಿ ಅಂತ ಕಲಿಸಿದ್ದು. ನೀವು ಎಲ್ಲಿಗೆ ಹೊರಟಿದ್ರಿ, ಚಾರ್ಜರ್ ಹತ್ರದಿಂದ?"

ಮತ್ತೆ ಫೋನು ಮಾಡಿದ. ಅಮೂಲ್ಯ, ಪಿಯಾನೋ, ಅಮೂಲ್ಯ, ಪಿಯಾನೋ. ಹೊರಗೆ ಬೀದಿದೀಪ ಹತ್ತಿತು, ಸಂಜೆ ಮುಗಿಯಿತು, ಗಡುವೂ ಮುಗಿಯಿತು. ಹೆಂಡತಿ ಅಣ್ಣನಿಗೆ ಫೋನು ಹಚ್ಚಿ, "ಇವ್ರು ಬರ್ತಾರೆ, ಮಾತು ಕೊಟ್ಟಾಗಿದೆ," ಅಂದಳು. ದುಡ್ಡೂ ಕಳೆದು ಮನೆಯಲ್ಲೂ ಕೂರುವ ಗಂಡ ಯಾವ ಸಂವಿಧಾನದಲ್ಲೂ ಇಲ್ಲ.

ಹೊರಡುವ ದಿನ ಬೆಳಿಗ್ಗೆ ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು. ಲಿಫ್ಟಪ್ಪ ಸೂಟ್‌ಕೇಸನ್ನು ಎತ್ತಿದ, ಇಳಿಸಿದ, ಹೋಗಿ ಫ್ರಿಜ್ಜು ತೆಗೆದು ನೋಡಿ ಬಂದ. ಬಾಗಿಲಲ್ಲಿ ನಿಂತು ಹೇಳಿದ, "ಹೋಗ್ತೀನಿ."

ಹೆಂಡತಿ ಕೋಲೂರಿಕೊಂಡು ಕುಂಟುತ್ತಾ ಬಂದಳು. "ಏನಂದ್ರಿ?"

"ಬರ್ತೀನಿ ಅಂದಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಇನ್ನು ಆ ಮಾತು ನನ್ನ ಬಾಯಲ್ಲಿ ಬರಲ್ಲ."

ಆಕೆ ಬೈಯಲಿಲ್ಲ. ಅವನ ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಬಿಚ್ಚಿ ಸರಿಯಾಗಿ ಹಾಕಿದಳು. "ಭಯಾನಾ?"

"ಅದಕ್ಕೆ ಹಗ್ಗ ಇಲ್ಲ ಕಣೇ," ಅಂದ ಲಿಫ್ಟಪ್ಪ ಸಣ್ಣ ದನಿಯಲ್ಲಿ.

"ಗೊತ್ತು. ಟಿಕೆಟ್ ತಗೊಂಡಾಗಿಂದ ನಿದ್ದೇಲಿ ಅದನ್ನೇ ಹೇಳ್ತಿದ್ದೀರಿ." ಅವಳು ಅವನ ಕಾಲರು ನೇರ ಮಾಡಿದಳು. "ದುಡ್ಡಂತೂ ವಾಪಸ್ ಬರ್ಲಿಲ್ಲ. ನೀವಾದ್ರೂ ವಾಪಸ್ ಬರಬೇಕು ನಂಗೆ. ಹೇಳಿ."

ಲಿಫ್ಟಪ್ಪ ಸೂಟ್‌ಕೇಸು ಎತ್ತಿಕೊಂಡ. "ಬರ್ತೀನಿ."

"'ಬರ್ತೀನಿ.' ಸರಿಯಾಗಿ ಕೇಳಿಸಿತು," ಅಂದಳು ಹೆಂಡತಿ, ಥೇಟ್ ಆ ಯಂತ್ರದ ದನಿಯಲ್ಲೇ. "ಇದನ್ನ ಮತ್ತೆ ರದ್ದು ಮಾಡೋ ಹಾಗಿಲ್ಲ."