ಮಳೆಗಾಲ ಮಲಗಿದ ಬೈಕುಗಳು, ಎಚ್ಚರವಾಗದ ಮಾಲೀಕರು

ಆಯುಧಪೂಜೆಗೆ ಇನ್ನೆರಡು ದಿನ ಇದೆ ಅನ್ನುವಾಗ ರಿಪ್ಪನ್‌ಪೇಟೆಯ ನನ್ನ ಗ್ಯಾರೇಜಿನ ಮುಂದೆ ಬೈಕು ತಳ್ಳಿಕೊಂಡು ಬರುವವರ ಸಾಲು ಶುರುವಾಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಬೈಕನ್ನು ಕೊಟ್ಟಿಗೆಯ ಮೂಲೆಗೆ ನೂಕಿ, ಮೇಲೊಂದು ಹರಕು ಟಾರ್ಪಾಲು ಎಸೆದು, ಆಮೇಲೆ ನಾಲ್ಕು ತಿಂಗಳು ಬಸ್ಸಿನಲ್ಲಿ ಓಡಾಡುತ್ತಾರೆ. ಹೊರಗೆ ತೆಗೆದ ದಿನ ಮಾತ್ರ ಅದು ಒಂದೇ ಒದೆತಕ್ಕೆ ಸ್ಟಾರ್ಟ್ ಆಗಬೇಕು. ನಾಲ್ಕು ತಿಂಗಳು ತಿರುಗಿ ನೋಡದಿದ್ದರೆ ಸಾಕಿದ ನಾಯಿ ಕೂಡ ಬಾಲ ಅಲ್ಲಾಡಿಸುವುದಿಲ್ಲ. ಆದರೆ ಅದನ್ನು ಇವರಿಗೆ ಹೇಳುವವರಾರು? ಬೈಕು ಏಳದಿದ್ದರೆ ಕಂಪನಿ ಸರಿಯಿಲ್ಲ, ಪೆಟ್ರೋಲ್ ಸರಿಯಿಲ್ಲ, ಗ್ರಹಗತಿ ಸರಿಯಿಲ್ಲ. ಸರಿ ಇರುವುದು ಮಾಲೀಕನೊಬ್ಬನೇ.

ನಿಜ ಹೇಳಬೇಕೆಂದರೆ ಬೈಕಿನ ರೋಗ ಹುಡುಕುವುದು ದೊಡ್ಡ ವಿದ್ಯೆಯಲ್ಲ. ಪೆಟ್ರೋಲ್ ಬರಬೇಕು, ಗಾಳಿ ಬರಬೇಕು, ಕಿಡಿ ಬರಬೇಕು. ಮೂರೇ ವಿಷಯ. ಮಾಲೀಕ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತರೆ ಹತ್ತು ನಿಮಿಷದ ಕೆಲಸ.

ಹನ್ನೊಂದು ಕಾರಣಗಳು

ಸಾಗರದ ಕಡೆಯ ಹೈಸ್ಕೂಲು ಮೇಷ್ಟ್ರೊಬ್ಬರು ಒಂದು ವರ್ಷ ಬೈಕನ್ನು ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಬಂದರು. ವಿಜ್ಞಾನದ ಮೇಷ್ಟ್ರು. ಬೈಕಿಗಿಂತ ಮೊದಲು ಅವರ ಜೇಬಿನಿಂದ ಒಂದು ಹಾಳೆ ಇಳಿಯಿತು. ಬೈಕು ಸ್ಟಾರ್ಟ್ ಆಗದೇ ಇರಲು ಇರುವ ಹನ್ನೊಂದು ಕಾರಣಗಳನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ಬರೆದುಕೊಂಡಿದ್ದರು. ಮುಖ್ಯವಾದವಕ್ಕೆ ಕೆಂಪು ಗೆರೆ ಬೇರೆ.

ನಾನು ಬೈಕಿನ ಹತ್ತಿರ ಬಗ್ಗಿದೆ. ಏನಾಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಯಿತು. ಹೇಳಲು ಬಾಯಿ ತೆರೆದರೆ ಮೇಷ್ಟ್ರು ಬೆರಳೆತ್ತಿದರು. ಅಂದಾಜಿನ ಮೇಲೆ ಕೆಲಸ ಮಾಡುವುದರಿಂದಲೇ ನಮ್ಮ ದೇಶ ಹಿಂದುಳಿದಿದೆ, ಕ್ರಮವಾಗಿ ಒಂದರಿಂದ ಹೋಗಿ ಅಂದರು. ನನಗೂ ಹಟ ಬಂತು. ಆಯ್ತು ಸರ್, ನೀವು ಓದಿ, ನಾನು ಮಾಡ್ತೀನಿ ಅಂದೆ.

ಅವರು ಪಾಠದ ಧ್ವನಿಯಲ್ಲಿ ಓದಿದರು. ನಾನು ಪ್ಲಗ್ ಬಿಚ್ಚಿ ಉಜ್ಜಿದೆ. ಬ್ಯಾಟರಿ ನೋಡಿದೆ. ಏರ್ ಫಿಲ್ಟರ್ ತೆಗೆದು ಕೊಡವಿದೆ. ವೈರುಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿದೆ. ಒಂದೊಂದು ಮುಗಿದ ಮೇಲೂ ಅವರು ಒಮ್ಮೆ ಕಿಕ್ ಹೊಡೆದು, ಹಾಳೆಯಲ್ಲಿ ಗುರುತು ಹಾಕಿ, ಮುಂದಿನದಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಊಟದ ಹೊತ್ತಿಗೆ ಹನ್ನೊಂದನೆಯ ಕಾರಣಕ್ಕೆ ಬಂದು ನಿಂತಿತು. ಬೈಕು ಕೆಮ್ಮಲೂ ಇಲ್ಲ. ಮೇಷ್ಟ್ರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಹಾಗಾದರೆ ಇಂಜಿನ್ನೇ ಹೋಗಿದೆ ಅಂತ ತೀರ್ಪು ಕೊಟ್ಟು, ಸೋತವರ ಹಾಗೆ ಸ್ಟೂಲಿನ ಮೇಲೆ ಕೂತರು.

ಆಗ ನಾನು ಟ್ಯಾಂಕಿನ ಕೆಳಗೆ ಕೈ ಹಾಕಿ ಪೆಟ್ರೋಲ್ ಬಿಡುವ ಪುಟ್ಟ ನಲ್ಲಿಯನ್ನು ತಿರುಗಿಸಿದೆ. ಅದು ಜೂನ್ ತಿಂಗಳಿಂದಲೂ ಬಂದ್ ಆಗಿತ್ತು. ಎರಡು ಕಿಕ್ಕಿಗೆ ಬೈಕು ಎದ್ದಿತು.

ಇದನ್ನು ಬಂದ್ ಮಾಡಿದ್ದು ಯಾರು ಅಂತ ಕೇಳಿದೆ. ಮೇಷ್ಟ್ರು ಸ್ವಲ್ಪವೂ ನಾಚಲಿಲ್ಲ.

"ನಾನೇ. ಗಾಡಿ ತೆಗೆದಿಡುವಾಗ ಆಫ್ ಮಾಡಬೇಕು ಅಂತ ವಿಡಿಯೋದ ಮೊದಲನೇ ಭಾಗದಲ್ಲಿತ್ತು. ಆನ್ ಮಾಡೋದು ಎರಡನೇ ಭಾಗದಲ್ಲಿ ಬರಬೇಕು, ನಾನಿನ್ನೂ ನೋಡಿಲ್ಲ."

ಹೋರಾಟದ ಗೆಲುವು

ತೀರ್ಥಹಳ್ಳಿಯಲ್ಲಿ ಒಬ್ಬ ಯುವ ಮುಖಂಡರಿದ್ದಾರೆ. ವಯಸ್ಸು ಐವತ್ತೆರಡು. ಒಂದು ದಿನ ಅವರಿಂದ ಫೋನ್ ಬಂತು. ಅಲ್ಲಿನ ಪೆಟ್ರೋಲ್ ಬಂಕಿನವರು ನೀರು ಬೆರೆಸುತ್ತಿದ್ದಾರೆ, ಸಾಕ್ಷಿ ಸಮೇತ ಹಿಡಿದಿದ್ದೇನೆ, ತಜ್ಞರಾಗಿ ನೀವು ಬಂದು ನಾಲ್ಕು ಮಾತು ಹೇಳಬೇಕು ಅಂದರು. ನನ್ನನ್ನು ತಜ್ಞ ಅಂತ ಅದುವರೆಗೆ ಯಾರೂ ಕರೆದಿರಲಿಲ್ಲ. ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ದಡ್ಡತನದಲ್ಲಿ ನಾನೇನೂ ಯಾರಿಗೂ ಕಡಿಮೆಯಿಲ್ಲ.

ಹೋಗಿ ನೋಡಿದರೆ ಬಂಕಿನ ಎದುರು ಮೂವತ್ತು ಜನ ಸೇರಿದ್ದಾರೆ. ಮುಖಂಡರ ಕೈಯಲ್ಲಿ ಒಂದು ಬಾಟಲಿ, ಅದರಲ್ಲಿ ಕೆಳಗೆ ನೀರು, ಮೇಲೆ ಪೆಟ್ರೋಲ್. ಅವರ ಬೈಕಿನ ಟ್ಯಾಂಕಿನಿಂದಲೇ ತೆಗೆದದ್ದಂತೆ. ಬೈಕು ಮಳೆಗಾಲ ಮುಗಿದು ಹೊರಗೆ ಬಂದಾಗಿನಿಂದ ಹತ್ತು ಮಾರು ಹೋಗಿ ಉಗ್ಗುತ್ತದೆ, ನಿಲ್ಲುತ್ತದೆ. ಬಂಕಿನ ಯಜಮಾನರು ಪಾಪದ ಮನುಷ್ಯ. ಅಪ್ಪನ ಕಾಲದಿಂದ ನಡೆಸಿಕೊಂಡು ಬಂದದ್ದು ಇವತ್ತಿಗೆ ಮುಗಿಯಿತು ಅಂತ ಕಂಬಕ್ಕೆ ಒರಗಿ ನಿಂತಿದ್ದರು.

ಅಲ್ಲಿದ್ದವರಲ್ಲಿ ಬೇರೆ ಯಾರ ಬೈಕಿಗಾದರೂ ಹೀಗಾಗಿದೆಯಾ ಅಂತ ಕೇಳಿದೆ. ಯಾರಿಗೂ ಆಗಿರಲಿಲ್ಲ. ಹಾಗಾದರೆ ಮುಖಂಡರ ಬೈಕು ಮಳೆಗಾಲದಲ್ಲಿ ನಿಂತ ಜಾಗ ತೋರಿಸಿ ಅಂದೆ. ಮನೆ ಹತ್ತಿರದಲ್ಲೇ ಇತ್ತು, ಜನರೂ ಹಿಂದೆ ಬಂದರು. ಬೈಕು ನಿಲ್ಲಿಸಿದ್ದು ಸೂರಿನ ನೀರು ನೇರವಾಗಿ ಬೀಳುವ ಕಡೆ. ಟ್ಯಾಂಕಿನ ಮುಚ್ಚಳ ಬೇಸಿಗೆಯಲ್ಲೇ ಕಳೆದಿತ್ತು. ಅದರ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದಕ್ಕೊಂದು ರಬ್ಬರ್ ಬ್ಯಾಂಡು. ಚೀಲದ ನಡುವೆ ಹೆಬ್ಬೆರಳು ಹೋಗುವಷ್ಟು ಹರಿದಿತ್ತು. ಆಗುಂಬೆ ಮೋಡ ನಾಲ್ಕು ತಿಂಗಳು ಇವರ ಟ್ಯಾಂಕ್ ತುಂಬಿಸಿದೆ, ಬಂಕಿನವರಲ್ಲ ಅಂತ ಎಲ್ಲರ ಎದುರಿಗೇ ಹೇಳಿದೆ.

ಜನ ಮುಖಂಡರ ಮುಖ ನೋಡಿದರು. ಇನ್ನೇನು, ಮನುಷ್ಯ ತಲೆ ತಗ್ಗಿಸುತ್ತಾನೆ ಅಂದುಕೊಂಡೆ. ಅವರು ಬಾಟಲಿಯನ್ನು ಮೆಲ್ಲಗೆ ಚರಂಡಿಗೆ ಚೆಲ್ಲಿ, ಗಂಟಲು ಸರಿಮಾಡಿಕೊಂಡು, ನಮ್ಮೂರ ಪೆಟ್ರೋಲ್ ಶುದ್ಧ ಅಂತ ಇವತ್ತು ತಜ್ಞರ ಬಾಯಲ್ಲೇ ಹೇಳಿಸಿದ್ದೇವೆ, ಇದು ನಮ್ಮ ಹೋರಾಟಕ್ಕೆ ಸಂದ ಜಯ ಅಂದರು. ಜನ ಚಪ್ಪಾಳೆ ತಟ್ಟಿದರು. ಹಾರ ತರಿಸಿದ್ದು ಬಂಕಿನ ಯಜಮಾನರು.

ಮನೆಯ ಗಾಡಿ

ಬರೇ ಬೇರೆಯವರದ್ದೇ ಹೇಳಿದರೆ ನ್ಯಾಯವಲ್ಲ. ಎರಡು ವರ್ಷದ ಹಿಂದೆ ನನ್ನ ಬೈಕೂ ಮಳೆಗಾಲವಿಡೀ ಮನೆಯ ಹಿಂದೆ ನಿಂತಿತ್ತು. ಹೊರಗೆ ತೆಗೆದರೆ ಸ್ಟಾರ್ಟ್ ಏನೋ ಆಯಿತು, ಆದರೆ ಎಳೆತವೇ ಇಲ್ಲ. ಮನೆ ಮುಂದಿನ ಸಣ್ಣ ಏರು ಹತ್ತಲು ದಮ್ಮು ಕಟ್ಟಿದವರ ಹಾಗೆ ಏದುಸಿರು ಬಿಡುತ್ತಿತ್ತು. ಭಾನುವಾರ ಪೂರ್ತಿ ಅದರ ಮುಂದೆ ಕೂತೆ. ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿದೆ. ಹಳೇ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿದೆ. ಸೈಲೆನ್ಸರ್ ಇಳಿಸಿ ಬಡಿದೆ. ಕೊನೆಗೆ ಪಿಸ್ಟನ್ ಸವೆದಿರಬೇಕು ಅಂತ ನಿರ್ಧರಿಸಿ ಇಂಜಿನ್ ಇಳಿಸಲು ಸ್ಪ್ಯಾನರ್ ಹುಡುಕುತ್ತಿದ್ದೆ.

ನನ್ನ ಹೆಂಡತಿ ಅಂಗಳ ಗುಡಿಸುತ್ತಾ ಬಂದಳು. ಬೈಕನ್ನು ಪಕ್ಕಕ್ಕೆ ಸರಿಸಲು ಹೋದಳು, ಅದು ಸುಲಭಕ್ಕೆ ಅಲ್ಲಾಡಲಿಲ್ಲ. ಹಿಂದಿನ ಚಕ್ರ ಸಲೀಸಾಗಿ ತಿರುಗುತ್ತಲೇ ಇಲ್ಲವಲ್ಲ ಅಂದಳು. ಹೋಗಿ ನೋಡಿದೆ. ಥಂಡಿಗೆ ಬ್ರೇಕ್ ತುಕ್ಕು ಹಿಡಿದು ಚಕ್ರವನ್ನು ಕಚ್ಚಿಕೊಂಡು ಕೂತಿತ್ತು. ಬ್ರೇಕ್ ಒತ್ತಿ ಹಿಡಿದ ಬೈಕಿಗೆ ಎಳೆತ ಎಲ್ಲಿಂದ ಬರಬೇಕು?

ಅದು ನನಗೆ ಗೊತ್ತಿತ್ತು, ಕೊನೆಗೆ ನೋಡೋಣ ಅಂತ ಬಿಟ್ಟಿದ್ದೆ ಅಂತ ಹೇಳಿದೆ. ಅವಳು ತಲೆ ಎತ್ತದೆ ಗುಡಿಸುತ್ತಲೇ ಹೇಳಿದಳು: "ಎಂತಕ್ಕೂ ಒಂದ್ಸಲ ಯಾರಾದ್ರೂ ಮೆಕ್ಯಾನಿಕ್‌ಗೆ ತೋರ್ಸಿ."

ಚೌಡಿ ತಿರುವು

ಹೊಸನಗರದ ಕಡೆಯ ದನದ ಡಾಕ್ಟರರದ್ದು ಎಲ್ಲಕ್ಕಿಂತ ದೊಡ್ಡ ಕತೆ. ಓದಿದವರು, ಕೆಲಸದಲ್ಲಿ ಗಟ್ಟಿಗರು. ಅವರ ಹಳೇ ಬೈಕನ್ನು ಮಳೆ ಮುಗಿದ ಮೇಲೆ ಹೊರಗೆ ತೆಗೆದಾಗ ಅದಕ್ಕೆ ಒಂದು ವಿಚಿತ್ರ ಅಭ್ಯಾಸ ಹಿಡಿದಿತ್ತು. ಬೆಳಿಗ್ಗೆ ಮನೆಯಿಂದ ಹೊರಟರೆ ಊರ ದೇವತೆ ಚೌಡಿಯ ಕಲ್ಲಿರುವ ತಿರುವಿನಲ್ಲಿ ಬಂದು ನಿಲ್ಲುತ್ತಿತ್ತು. ಬೇರೆಲ್ಲೂ ಅಲ್ಲ, ಸರಿಯಾಗಿ ಚೌಡಿಯ ಎದುರಿಗೇ. ಮೊದಲ ದಿನ ಒದ್ದು ಒದ್ದು ಕಾಲು ನೋವು ಬಂತು. ಎರಡನೆಯ ದಿನ ದಾರಿಯಲ್ಲಿ ಹೋಗುತ್ತಿದ್ದ ಅಜ್ಜ ಒಬ್ಬರು ಒಂದು ಕಾಯಿ ಒಡೆಯಿರಿ ಅಂದರು. ಒಡೆದರು, ಕೈ ಮುಗಿದರು. ಬೈಕು ಸ್ಟಾರ್ಟ್ ಆಯಿತು.

ಅಲ್ಲಿಂದ ಡಾಕ್ಟರ ಬ್ಯಾಗಿನಲ್ಲಿ ಇಂಜೆಕ್ಷನ್ ಜೊತೆ ತೆಂಗಿನಕಾಯಿಯೂ ಸೇರಿತು. ತಿಂಗಳುಗಟ್ಟಲೆ ನಡೆಯಿತು. ಒಂದು ದಿನ ಒಬ್ಬರ ಮನೆಯಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಮನೆಯವರು ಫೋನಿನ ಮೇಲೆ ಫೋನ್ ಮಾಡುತ್ತಿದ್ದರೆ ಇವರು ತಿರುವಿನಲ್ಲಿ ಬ್ಯಾಗ್ ತಡಕುತ್ತಿದ್ದಾರೆ, ಕಾಯಿ ಮನೆಯಲ್ಲೇ ಉಳಿದಿದೆ. ಚೌಡಿಯ ಎದುರು ನಿಂತು ನಾಳೆ ಎರಡು ಒಡೆಯುತ್ತೇನೆ ಅಂತ ಬೇಡಿಕೊಂಡರಂತೆ. ಹತ್ತು ನಿಮಿಷಕ್ಕೆ ಚೌಡಿ ಒಪ್ಪಿದಳು. ಕರು ಬದುಕಿತು, ಆದರೆ ಸ್ವಲ್ಪದರಲ್ಲಿ. ಆ ಮನೆಯವರು ಬೈದ ಮೇಲೆ ಬೈಕು ನನ್ನ ಹತ್ತಿರ ಬಂತು.

ಬೆಳಿಗ್ಗೆ ಹೊರಟಾಗ ಹೀಗೆ, ಸಂಜೆ ಹೇಗೆ ಅಂತ ಕೇಳಿದೆ. ಸಂಜೆ ವಾಪಸು ಹೋಗುವಾಗಲೂ ಒಂದು ಕಡೆ ನಿಲ್ಲುತ್ತದೆ ಅಂದರು. ಅಲ್ಲಿ ಯಾವ ದೇವರು ಅಂದೆ. ಡಾಕ್ಟರು ಆ ಕಡೆ ಈ ಕಡೆ ನೋಡಿ, ದೇವರಲ್ಲ, ಅಲ್ಲಿ ನಮ್ಮ ಅತ್ತೆಯ ಮನೆ ಅಂದರು. ಒಳಗೆ ಹೋಗಿ ಕಾಫಿ ಕುಡಿದು ಹೊರಗೆ ಬಂದರೆ ಬೈಕು ತಾನಾಗೇ ಸರಿಯಾಗಿರುತ್ತಿತ್ತಂತೆ.

ನಾನು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಬುಸ್ ಅಂತ ಗಾಳಿ ಒಳಗೆಳೆದುಕೊಂಡಿತು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಬೈಕು ಸುಮ್ಮನೆ ನಿಂತ ನಾಲ್ಕು ತಿಂಗಳಲ್ಲಿ ಕುಂಬಾರ ಹುಳ ಬಂದು ಅದಕ್ಕೆ ಅಚ್ಚುಕಟ್ಟಾಗಿ ಮಣ್ಣು ಮೆತ್ತಿತ್ತು. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಇಷ್ಟು ದೂರ ಓಡಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಸಂದಿಯಿಂದ ಅಷ್ಟಿಷ್ಟು ಗಾಳಿ ಹೋಗಿ ಮತ್ತೆ ಏಳುತ್ತದೆ. ಆ ಹತ್ತು ನಿಮಿಷ ಕಾಯಿ ಒಡೆದರೂ ಒಂದೇ, ಕಾಫಿ ಕುಡಿದರೂ ಒಂದೇ ಅಂತ ಬಿಡಿಸಿ ಹೇಳಿದೆ. ಸೂಜಿಯಲ್ಲಿ ಕೆರೆದು ಮಣ್ಣು ತೆಗೆದೆ. ಡಾಕ್ಟರಿಗೆ ಬಹಳ ನಾಚಿಕೆಯಾಯಿತು. ಇಷ್ಟು ಓದಿಯೂ ಹೀಗೆ ಮೋಸಹೋದೆನಲ್ಲ ಅಂದುಕೊಳ್ಳುತ್ತಾ ಹೋದರು. ನಾನೂ ಆ ದಿನವೆಲ್ಲ ಬಂದವರಿಗೆಲ್ಲ ಈ ಕತೆ ಹೇಳಿ ನಕ್ಕೆ.

ಎರಡು ವಾರ ಕಳೆದು ಡಾಕ್ಟರು ಮತ್ತೆ ಬಂದರು. ಬೈಕು ಎಲ್ಲೂ ನಿಂತಿಲ್ಲ, ಆದರೆ ಮುಖ ಬಾಡಿತ್ತು. ಏನಾಯಿತು ಅಂದರೆ, ಅವರ ಅತ್ತೆ ತಮ್ಮ ಮಗಳಿಗೆ ಫೋನ್ ಮಾಡಿ ಅತ್ತಿದ್ದಾರೆ. "ಅಳಿಯ ಈಗ ಇತ್ಲಾಗೆ ಬತ್ನೇ ಇಲ್ಲೆ, ಎಂತ ಆತು" ಅಂತ. ದಿನಾ ಸಂಜೆ ತಪ್ಪದೆ ಬಂದು ಕಾಫಿ ಕುಡಿಯುವ ಅಳಿಯ ಅಂತ ಅವರು ಊರೆಲ್ಲ ಹೇಳಿಕೊಂಡಿದ್ದರಂತೆ. ಇಷ್ಟು ದಿನ ಬರುತ್ತಿದ್ದದ್ದು ಬೈಕು ನಿಲ್ಲುತ್ತಿದ್ದ ಕಾರಣಕ್ಕೆ ಅಂತ ಹೇಳಿದರೆ ಹೆಂಡತಿ ಮನೆಯೊಳಗೆ ಸೇರಿಸುವುದಿಲ್ಲ. ಬರಲು ಮನಸ್ಸಿಲ್ಲದೆ ಬಿಟ್ಟೆ ಅಂದರೆ ಅತ್ತೆ ಊಟ ಬಿಡುತ್ತಾರೆ.

ದಿನಾ ನೀವೇ ಗಾಡಿ ನಿಲ್ಲಿಸಿ ಹೋಗಿ ಬನ್ನಿ ಅಂದೆ. ನಾನಾಗಿ ನಿಲ್ಲಿಸಿ ಹೋಗುವಷ್ಟು ಶಕ್ತಿ ನನಗಿಲ್ಲ ಮಾರಾಯ್ರೆ ಅಂದರು. ಆಮೇಲೆ ಇನ್ನೂ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು:

"ಆ ಮುಚ್ಚಳದಿಂದ ತೆಗೆದ ಮಣ್ಣು, ಎಲ್ಲಾದ್ರೂ ಇಟ್ಟಿದ್ದೀರಾ?"