ಬೇಕರಿಯವರ ಜೊಂಪು

ಇಷ್ಟೆಲ್ಲ ರಂಪಕ್ಕೆ ಕಾರಣ, ಆಟದ ಮಧ್ಯೆ ಬೇಕರಿಯವರ ಕಣ್ಣು ಹತ್ತಿದ್ದು.

ಚದುರಂಗ ಕ್ಲಬ್ಬಿನಲ್ಲಿ ಅವರಿಗೂ ಟೈಲರಿಗೂ ಹನ್ನೊಂದು ಹನ್ನೊಂದು ಗೆಲುವು. ಇಂದು ಗೆದ್ದವರೇ ಭಾನುವಾರ ಪಕ್ಕದೂರಿನವರ ಎದುರು ತಂಡದ ನಾಯಕ. ಟೈಲರಂತೂ ಅದಕ್ಕೆಂದು ಕೋಟು ಹೊಲಿದುಕೊಂಡು ಗಿರಾಕಿಗಳಿಗೆಲ್ಲ ತೋರಿಸಿಯೂ ಆಗಿತ್ತು. ಸೋತರೆ ಮುಖ ಎಲ್ಲಿಡುವುದು?

ಬೆಳಗಿನಿಂದ ಟೈಲರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ಇಪ್ಪತ್ತು ನಿಮಿಷ ತಲೆ ಕೆರೆದುಕೊಂಡು ಕುದುರೆ ನಡೆಸಿ ಕತ್ತೆತ್ತಿದರೆ, ನಸುಕಿಗೇ ಎದ್ದು ಬ್ರೆಡ್ಡು ಬೇಯಿಸಿ ಬಂದಿದ್ದ ಬೇಕರಿಯವರು ಗಲ್ಲಕ್ಕೆ ಕೈಕೊಟ್ಟು ಗೊರಕೆ ಹೊಡೆಯುತ್ತಿದ್ದಾರೆ!

ಟೈಲರಿಗೆ ಸ್ವರ್ಗಕ್ಕೆ ಮೂರೇ ಗೇಣು. ಒಬ್ಬೊಬ್ಬರ ಸಮಯವನ್ನೂ ಬೇರೆ ಬೇರೆ ಎಣಿಸುವ ಜೋಡಿ ಗಡಿಯಾರದಲ್ಲಿ ಇಬ್ಬರಿಗೂ ಉಳಿದದ್ದು ಹದಿನೈದು ನಿಮಿಷ. ಯಾರ ಸಮಯ ಮೊದಲು ಮುಗಿಯುತ್ತದೋ ಅವರು ಸೋತಂತೆ. ಪುಣ್ಯಾತ್ಮ ಹೀಗೇ ಮಲಗಿದ್ದರೆ ಸಾಕು!

ಬೂಟು ಕಳಚಿ ತುದಿಗಾಲಲ್ಲಿ ಎದ್ದರು. ಕಿಟಕಿ ಮುಚ್ಚಿದರು. ಕಿರುಗುಡುತ್ತಿದ್ದ ಫ್ಯಾನು ನಿಲ್ಲಿಸಿದರು. ಆಟ ನೋಡಲು ಬಂದು ಸೀನಲು ಬಾಯಿ ತೆರೆದ ಕ್ಷೌರಿಕನ ಮೂಗನ್ನು ಓಡಿಹೋಗಿ ಹಿಡಿದರು.

"ಭಾವ, ಗಡಿಯಾರ..." ಟೈಲರ ಹೆಂಡತಿಯ ತಮ್ಮ ಪಿಸುಗುಟ್ಟಿದ.

"ಶ್! ನಾನೂ ಅದನ್ನೇ ಕಾಯ್ತಿರೋದು ಕಣೋ."

"ಅದಲ್ಲ ಭಾವ..."

"ಬಾಯಿ ಮುಚ್ಕೊಂಡು ಹೊರಗೆ ನಡಿ!"

ತೀರ್ಪುಗಾರ್ತಿಯಾಗಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿಯೂ ಬಾಗಿಲಿನತ್ತ ಬೆರಳು ತೋರಿಸಿದರು. ಆಟ ನಡೆಯುವಾಗ ನೋಡುವವರು ತುಟಿ ಬಿಚ್ಚುವಂತಿರಲಿಲ್ಲ. ಕ್ಷೌರಿಕ ತನ್ನ ಕೈಗಡಿಯಾರ ಮುಟ್ಟಿ ಮುಟ್ಟಿ ಸನ್ನೆ ಮಾಡಿದ. ಟೈಲರ್ ಕಣ್ಣು ಮಿಟುಕಿಸಿ, ಆಯ್ತು ಆಯ್ತು ಎಂದು ತಲೆಯಾಡಿಸಿದರು.

ಅಷ್ಟರಲ್ಲಿ ಬೇಕರಿಯವರ ಮೂಗಿನ ಮೇಲೆ ನೊಣವೊಂದು ಕೂತಿತು. ಟೈಲರ್ ಟವೆಲ್ಲು ಹಿಡಿದು ಓಡಿದರು. ಹಿಂದಿನಿಂದ ಬಗ್ಗಿ, ಮೂಗಿನಿಂದ ಕಣ್ಣು ಕೀಳದೆ, ತೊಟ್ಟಿಲ ಕೂಸಿಗೆ ಬೀಸಿದಂತೆ ಟವೆಲ್ಲು ಬೀಸುತ್ತ ನಿಂತರು. ಸೆಕೆಗೆ ಅವರ ಅಂಗಿ ಒದ್ದೆಮುದ್ದೆಯಾಯಿತು.

"ಸಮಯ ಮುಗೀತು!" ಎಂದರು ಮುಖ್ಯೋಪಾಧ್ಯಾಯಿನಿ.

ಬೇಕರಿಯವರು ಬೆಚ್ಚಿ ಎದ್ದರು. "ಅಯ್ಯೋ, ನಿದ್ದೆ ಬಂದ್ಬಿಡ್ತು! ಸೋತೆ ಅನ್ನಿ."

ಟೈಲರ್ ಓಡಿಬಂದು ಅವರ ಕೈ ಕುಲುಕಿದರು. "ಬೇಜಾರು ಮಾಡ್ಕೋಬೇಡಿ ಸಾರ್. ಮಲಗಿರೋರನ್ನ ಎಬ್ಬಿಸೋಕೆ ನಂಗೆ ಮನಸ್ಸು ಬರಲಿಲ್ಲ."

"ಸೋತಿದ್ದು ನೀವು, ಟೈಲರೇ," ಎಂದರು ಮುಖ್ಯೋಪಾಧ್ಯಾಯಿನಿ. "ಕುದುರೆ ನಡೆಸಿದ ಮೇಲೆ ಗಡಿಯಾರದ ಗುಂಡಿ ಒತ್ತಲೇ ಇಲ್ಲ. ಒತ್ತಿದ್ದರೆ ತಾನೇ ಅವರ ಸಮಯ ಓಡುವುದು? ಇಷ್ಟು ಹೊತ್ತೂ ಓಡಿದ್ದು ನಿಮ್ಮ ಸಮಯ."

"ಅದನ್ನೇ ಭಾವ ನಾನು ಹೇಳೋಕೆ ಬಂದಿದ್ದು!" ಎಂದು ಬಾಗಿಲಾಚೆಯಿಂದ ಕೂಗು ಕೇಳಿಸಿತು.

ಟೈಲರ್ ಕುರ್ಚಿಯಲ್ಲಿ ಕುಸಿದರು. ಬೇಕರಿಯವರು ಮೈಮುರಿದು, ಅವರ ಬೆನ್ನು ತಟ್ಟಿದರು.

"ಎಷ್ಟು ವರ್ಷ ಆಗಿತ್ತು ಇಂಥ ನಿದ್ದೆ ಮಾಡಿ! ಭಾನುವಾರ ನೀವೂ ಬಂದ್ಬಿಡಿ. ನೀವು ಎದುರಿಗಿದ್ರೆ ಏನೋ ಒಂಥರಾ ನೆಮ್ಮದಿ."